ರಾತ್ರಿ ಕರೆದರೆ ಓಗೊಡುವವರು ಯಾರು?

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಮ್ಮ ಅಜ್ಜಿಗೆ 81 ವರ್ಷ. ಊರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಹಳ್ಳಿ. ಆಪರೇಷನ್ ಚೆನ್ನಾಗೇ ಆಯಿತು. ಆದರೆ ಮನೆಯಲ್ಲಿ ಹಗಲು ಹೊತ್ತು ಯಾರೂ ಇರುವುದಿಲ್ಲ. ಮೂರು ತಿಂಗಳ ಮಟ್ಟಿಗೆ ಅಂತ ಪೇಟೆಯ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ನೆಲ ಹೊಳೆಯುತ್ತಿತ್ತು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ನಮಗೆ ಸಮಾಧಾನವಾಯಿತು.

ಐದನೇ ವಾರ ನೋಡಲು ಹೋದಾಗ ಅವಳ ಹಿಮ್ಮಡಿ ಕಪ್ಪಾಗಿತ್ತು. ಹಾಸಿಗೆ ಹುಣ್ಣು. ನೀರಿನ ತಂಬಿಗೆ ಕಿಟಕಿಯ ಮೇಲಿತ್ತು, ಅವಳ ಕೈಗೆ ಎಟುಕುತ್ತಿರಲಿಲ್ಲ. ‘ಕರೀಬೇಕಿತ್ತಲ್ಲ ಅಜ್ಜಿ’ ಅಂದೆ. ‘ರಾತ್ರಿ ಕರದ್ರ ಯಾರೂ ಓಗೊಡಂಗಿಲ್ಲಪಾ’ ಅಂದಳು.

ವಿಚಾರಿಸಿದೆ. ಅಲ್ಲಿ 30ಕ್ಕೂ ಹೆಚ್ಚು ಮಂದಿ ಇದ್ದರು. ರಾತ್ರಿ ನೋಡಿಕೊಳ್ಳಲು ಇದ್ದವಳು ಒಬ್ಬಳೇ ಹೆಂಗಸು. ಬೆಳಗಿನ ಐದಕ್ಕೆ ಎದ್ದು ಉಪ್ಪಿಟ್ಟಿಗೆ ಒಗ್ಗರಣೆ ಹಾಕುವವಳೂ ಅವಳೇ. ಅವಳು ಕೆಟ್ಟವಳಲ್ಲ. ದಣಿದವಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಇಷ್ಟು ಮಂದಿಗೆ ಇಷ್ಟು ಕೈ ಬೇಕು ಅಂತ ಹೇಳುವವರು, ಬಂದು ನೋಡುವವರು ಯಾಕೆ ಇಲ್ಲ ಎಂಬ ಪ್ರಶ್ನೆ ಮಾತ್ರ ಬಿಡಲಿಲ್ಲ. ಹುಡುಕುತ್ತಾ ಹೋದೆ. ಕಥೆ ತುಂಬಾ ಹಿಂದಕ್ಕೆ ಹೋಗುತ್ತದೆ.

ನಮ್ಮ ಭಾಗದಲ್ಲಿ ಸರ್ಕಾರ ಎಂಬುದು ಮುದುಕರ ಬಗ್ಗೆ ಯೋಚಿಸಿದ್ದು ಬರಗಾಲದಲ್ಲಿ. 1876ರಿಂದ 78ರವರೆಗಿನ ಧಾತು ಈಶ್ವರ ಬರ ಬಳ್ಳಾರಿಯನ್ನು ಹಿಂಡಿಹಾಕಿತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕೈಕಾಲು ಗಟ್ಟಿ ಇದ್ದವರು ರಸ್ತೆಗೆ ಕಲ್ಲು ಒಡೆಯಬೇಕು, ಕೂಲಿ ಪಡೆಯಬೇಕು. ಆ ಕೂಲಿಯನ್ನೂ ಒಂದು ಹಂತದಲ್ಲಿ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಿಷ್ಟು ಕಾಸು ಅಂತ ಇಳಿಸಿದ್ದರು. ಕಲ್ಲು ಒಡೆಯಲಾಗದ ಮುದುಕರು, ರೋಗಿಗಳು ಗಂಜಿ ಕೇಂದ್ರಕ್ಕೆ. 1880ರ ಕ್ಷಾಮ ಆಯೋಗ ಇದನ್ನೇ ನಿಯಮವಾಗಿಸಿ ಅಂತ ಹೇಳಿತು: ದುಡಿಯಲಾಗದವರಿಗೆ ಪುಕ್ಕಟೆ ನೆರವು ಕೊಡಬೇಕು. ದೊಡ್ಡ ಮಾತೇ ಅದು. ಆದರೆ ಆವತ್ತಿನಿಂದ ನೆರವು ಅಂದರೆ ಗಂಜಿಯ ಅಳತೆ ಎಂಬ ಅಭ್ಯಾಸ ಬಿತ್ತು ಅಂತ ನನಗೆ ಅನ್ನಿಸುತ್ತದೆ. ಎಷ್ಟು ತಲೆ, ಎಷ್ಟು ಬಟ್ಟಲು. ಅದರ ಆಚೆಗಿನದ್ದನ್ನು ಯಾರೂ ಅಳೆಯಲಿಲ್ಲ.

ರಾಯಚೂರು, ಕೊಪ್ಪಳದ ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, ರಾಯಚೂರು 1956ರಲ್ಲಿ. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಸರ್ಕಾರಗಳು ಬದಲಾದವು. ಮುದುಕರ ಭಾರ ಮಾತ್ರ ಮನೆಯ ಮೇಲೆ, ಮನೆ ಇಲ್ಲದವರದ್ದು ಮಠದ ಮೇಲೆ. ದಾಸೋಹದ ನಾಡು ಇದು. ಕೊಪ್ಪಳದ ಗವಿಮಠದಲ್ಲಿ ಹಸಿದು ಬಂದವರು ಊಟ ಮಾಡಿಯೇ ಹೋಗುತ್ತಾರೆ. ಆ ಅನ್ನಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಹಾಸಿಗೆ ಹಿಡಿದವರ ಮಗ್ಗಲು ಬದಲಿಸುವುದು ಬೇರೆಯೇ ಕೆಲಸ. ಅದಕ್ಕೆ ಕಲಿತ ಕೈ ಬೇಕು, ದಿನಾ ಬೇಕು.

ಮನೆಯಲ್ಲಾದರೂ ಎಲ್ಲ ಸರಿ ಇತ್ತೇ? ಅಣ್ಣತಮ್ಮಂದಿರು ಪಾಲಾದಾಗ ಅವ್ವ-ಅಪ್ಪನ ಹೆಸರಿಗೆ ಒಂದೆರಡು ಎಕರೆ ಜೀವನಾಂಶಕ್ಕೆ ಅಂತ ಬಿಡುತ್ತಿದ್ದರು. ಊಟ ಪಾಳಿ ಮೇಲೆ. ಈ ತಿಂಗಳು ದೊಡ್ಡವನ ಮನೆ, ಮುಂದಿನ ತಿಂಗಳು ಸಣ್ಣವನ ಮನೆ. 31 ದಿನದ ತಿಂಗಳಲ್ಲಿ ಕೊನೆಯ ದಿನ ಯಾರದು ಅಂತ ಜಗಳವಾದ ಮನೆಗಳನ್ನು ನಾನು ಬಲ್ಲೆ. ಇನ್ನು ಮೈ ತೊಳೆಸುವುದು, ಬಟ್ಟೆ ಒಗೆಯುವುದು, ರಾತ್ರಿ ಏಳುವುದು ಇದೆಲ್ಲ ಸೊಸೆಯದ್ದು. ‘ಹಿಂದೆಲ್ಲ ಎಷ್ಟು ಚೆಂದ ನೋಡಿಕೊಳ್ಳುತ್ತಿದ್ದರು’ ಅನ್ನುವಾಗ ಆ ಹೆಣ್ಣುಮಕ್ಕಳ ಮುರಿದ ನಿದ್ದೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನು ಕೆಲವರಿಗೆ ಪಾಳಿಯೂ ಇರಲಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಹಳ್ಳಿಗಳಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳು ಈಗ ಅಜ್ಜಿಯರಾಗಿದ್ದಾರೆ. ಹೆಣ್ಣುಮಕ್ಕಳನ್ನು ಹೀಗೆ ದೇವರಿಗೆ ಬಿಡುವುದನ್ನು ರಾಜ್ಯ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿತು. 2007-08ರ ಸಮೀಕ್ಷೆಯಲ್ಲಿ 46 ಸಾವಿರಕ್ಕೂ ಹೆಚ್ಚು ಮಾಜಿ ದೇವದಾಸಿಯರ ಹೆಸರು ಬಂತು. ಗಂಡ ಇಲ್ಲ, ಹೊಲದ ಪಾಲು ಇಲ್ಲ. ಮಾಸಾಶನ ಬರುತ್ತದೆ. ಮುಪ್ಪಿನಲ್ಲಿ ಜೊತೆಗಿರುವ ಜೀವ ಬರುವುದಿಲ್ಲ.

ಆಮೇಲೆ ಗುಳೆ. ತುಂಗಭದ್ರಾ ಕಾಲುವೆ ಹರಿದ ಸಿಂಧನೂರು, ಗಂಗಾವತಿ ಕಡೆ ಭತ್ತ ಬಂತು. ಆ ಕಾಲುವೆಯ ನೀರು ಕಾಣದ ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯವರು ಬೆಂಗಳೂರಿನ ಬಸ್ಸು ಹತ್ತಿದರು. ಗಂಡ, ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ. ಊರಲ್ಲಿ ಉಳಿಯುವವರು ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಮೊಮ್ಮಕ್ಕಳು. ರೊಕ್ಕ ಫೋನಿಗೆ ಬರುತ್ತದೆ. ಅಜ್ಜಿಗೆ ಜ್ವರ ಬಂದರೆ ಹತ್ತು ವರ್ಷದ ಮೊಮ್ಮಗಳು ಗಂಜಿ ಕಾಯಿಸುತ್ತಾಳೆ. ಇವರು ಯಾವ ಆಶ್ರಮದ ಪಟ್ಟಿಯಲ್ಲೂ ಇಲ್ಲ. ಕಾಗದದ ಮೇಲೆ ಇವರಿಗೆ ಮಕ್ಕಳಿದ್ದಾರೆ.

ಸರ್ಕಾರದ ಕಡೆಯಿಂದ ಮೊದಲು ಬಂದದ್ದು ರೊಕ್ಕವೇ. 1995ರ ಆಗಸ್ಟ್ 15ರಂದು ಕೇಂದ್ರದ ವೃದ್ಧಾಪ್ಯ ವೇತನ ಶುರುವಾದಾಗ ತಿಂಗಳಿಗೆ 75 ರೂಪಾಯಿ. ಕೇಂದ್ರದ ಪಾಲು 60 ದಾಟಿದವರಿಗೆ ಈಗಲೂ 200 ರೂಪಾಯಿ, 80 ದಾಟಿದವರಿಗೆ 500. ರಾಜ್ಯದ ಸಂಧ್ಯಾ ಸುರಕ್ಷಾ 2007ರಲ್ಲಿ 400 ರೂಪಾಯಿಯಿಂದ ಶುರುವಾಗಿ 1,200ಕ್ಕೆ ಬಂದಿದೆ. ಬಿಪಿ, ಶುಗರ್ ಮಾತ್ರೆಗೆ ಆಗುತ್ತದೆ. ಒಬ್ಬ ಆಯಾಳ ಒಂದು ವಾರದ ಸಂಬಳಕ್ಕೂ ಸಾಲದು.

ನಮ್ಮ ಪ್ರಶ್ನೆಗೆ ನಿಜವಾಗಿ ಹತ್ತಿರ ಬರುವುದು 2007ರ ಕಾಯ್ದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಅಂತ ಅದರ ಹೆಸರು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿ, ಅಂದರೆ ಜನ ಕರೆಯುವ ಹಾಗೆ ಎಸಿ ಸಾಹೇಬರ ಮುಂದೆ ಅರ್ಜಿ ಹಾಕಬಹುದು. ವಕೀಲರು ಬೇಡ. ತಿಂಗಳಿಗೆ 10 ಸಾವಿರ ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುತ್ತೇವೆ ಅಂತ ಒಪ್ಪಿ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ 23ನೇ ಸೆಕ್ಷನ್ ಪ್ರಕಾರ ಆ ಪತ್ರವನ್ನೇ ರದ್ದು ಮಾಡಿಸಬಹುದು. ಇಷ್ಟು ಬಹಳ ಜನರಿಗೆ ಗೊತ್ತು.

19ನೇ ಸೆಕ್ಷನ್ ಅಷ್ಟಾಗಿ ಗೊತ್ತಿಲ್ಲ. ಜಿಲ್ಲೆಗೆ ಕನಿಷ್ಠ ಒಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಇರುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸ‘ಬಹುದು’ ಅಂತ ಅದರಲ್ಲಿದೆ. ‘ಬೇಕು’ ಅಂತಿಲ್ಲ. ಆ ಒಂದು ಪದದಲ್ಲಿ ಎಷ್ಟೋ ವರ್ಷ ಕಳೆದುಹೋದವು. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ, ಅಲ್ಲಿ ಏನು ವೈದ್ಯಕೀಯ ಸೌಕರ್ಯ ಇದೆ ಅಂತ ರಾಜ್ಯಗಳಿಂದ ಮಾಹಿತಿ ತರಿಸಿಕೊಳ್ಳಿ ಎಂದು ಕೇಂದ್ರಕ್ಕೆ ಹೇಳಿತು. ಕಾಯ್ದೆ ಬಂದು ಹನ್ನೊಂದು ವರ್ಷವಾಗಿತ್ತು, ಇನ್ನೂ ಎಣಿಕೆಯ ಮಾತೇ ನಡೆದಿತ್ತು.

ಇನ್ನೊಂದು ಗಮನಿಸಿ. ಕಾಯ್ದೆಯಲ್ಲಿ 150 ಎಂಬ ಅಂಕಿ ಇದೆ. 150 ಮಂದಿಗೆ ರಾತ್ರಿ ಎಷ್ಟು ಜನ ಎಚ್ಚರ ಇರಬೇಕು ಎಂಬ ಅಂಕಿ ಇಲ್ಲ. ತಿಂಗಳಿಗೆ ಹತ್ತು, ಹದಿನೈದು ಸಾವಿರ ಕೊಟ್ಟು ಖಾಸಗಿ ಆಶ್ರಮದಲ್ಲಿ ಇರುವವರಿಗಂತೂ ಆ 150ರ ಲೆಕ್ಕದಲ್ಲಿ ಜಾಗವೇ ಇಲ್ಲ.

ನೋಡಿಕೊಳ್ಳುವವರಿಲ್ಲದ ಜಾಗದಲ್ಲಿ ಜನರನ್ನು ತುಂಬಿದರೆ ಏನಾಗುತ್ತದೆ ಅಂತ ರಾಜ್ಯ ಒಮ್ಮೆ ಕಂಡಿದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬೀದಿಯಿಂದ ಕರೆತಂದವರನ್ನು ಇಡುತ್ತಿದ್ದ ಬೆಂಗಳೂರಿನ ನಿರಾಶ್ರಿತರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಮಂದಿ ಸತ್ತರು. ಅವರಿಗೂ ಸೂರು ಇತ್ತು, ಊಟ ಇತ್ತು.

2019ರ ಡಿಸೆಂಬರ್‌ನಲ್ಲಿ ಒಂದು ಆಸೆ ಹುಟ್ಟಿತ್ತು. ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ ಲೋಕಸಭೆಗೆ ಬಂತು. ಖಾಸಗಿ ಆಶ್ರಮಗಳೂ, ಮನೆಗೇ ಬಂದು ನೋಡಿಕೊಳ್ಳುವ ಏಜೆನ್ಸಿಗಳೂ ನೋಂದಣಿ ಮಾಡಿಸಬೇಕು, ಕನಿಷ್ಠ ಗುಣಮಟ್ಟ ನಿಗದಿ ಮಾಡಬೇಕು ಅಂತ ಅದರಲ್ಲಿತ್ತು. 10 ಸಾವಿರದ ಮಿತಿಯನ್ನೂ ತೆಗೆಯುವುದಿತ್ತು. ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು. ಮಸೂದೆ ಪಾಸಾಗಲಿಲ್ಲ. 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದೂ ಮುಗಿಯಿತು. ಇದು ನನಗೆ ತುಂಬಾ ನೋವು ಕೊಟ್ಟ ಸಂಗತಿ.

2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಇನ್ನೊಂದು ಮುಖ ತೋರಿಸಿದರು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಲ್ಲೇ ಮಕ್ಕಳು ಬಿಟ್ಟುಹೋದ ಹಿರಿಯರ ಪ್ರಕರಣ 150 ದಾಟಿತ್ತು. ಇಂಥವರ ಮಾಹಿತಿಯನ್ನು ಎಸಿಗೆ ಕೊಡಿ, ಮಕ್ಕಳ ಹೆಸರಿಗೆ ಬರೆದ ಆಸ್ತಿ ರದ್ದು ಮಾಡಿಸಿ ಅಂತ ಅವರು ಸೂಚಿಸಿದರು. ಮಕ್ಕಳನ್ನು ಹೆದರಿಸಲು ಇದು ಬೇಕು, ಒಪ್ಪುತ್ತೇನೆ. ಆದರೆ ಆಸ್ತಿಯೇ ಇಲ್ಲದ ಕೂಲಿಯ ಅಜ್ಜನಿಗೆ ಇದರಿಂದ ಏನೂ ಬರುವುದಿಲ್ಲ. ವಾರ್ಡಿನಿಂದ ಬಿಡುಗಡೆಯಾಗಿ ಅವನು ಹೋಗುವುದಾದರೂ ಎಲ್ಲಿಗೆ? ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಅಂತಲೇ 10 ಹಾಸಿಗೆಯ ವಾರ್ಡ್ ಇರಬೇಕು ಅಂತ 2010-11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಹೇಳುತ್ತದೆ. ಅದು ರೋಗಕ್ಕೆ. ಆಸ್ಪತ್ರೆಗೂ ಮನೆಗೂ ನಡುವೆ ಇರಬೇಕಾದ ಜಾಗವೇ ನಮ್ಮಲ್ಲಿ ಕಡಿಮೆ.

ಆ ನಡುವಿನ ಜಾಗಕ್ಕೆ ಇಂಗ್ಲೆಂಡಿನಲ್ಲಿ ಒಂದು ರೂಪ ಇದೆ. ಎಕ್ಸ್‌ಟ್ರಾ ಕೇರ್ ಹೌಸಿಂಗ್ ಅನ್ನುತ್ತಾರೆ. ಹಿರಿಯರಿಗೆ ಸ್ವಂತ ಪುಟ್ಟ ಮನೆ, ಸ್ವಂತ ಬಾಗಿಲು, ಬೀಗದ ಕೈ ಅವರದ್ದೇ. ಅದೇ ಆವರಣದಲ್ಲಿ ಹಗಲೂ ರಾತ್ರಿ ನೋಡಿಕೊಳ್ಳುವ ಸಿಬ್ಬಂದಿ. ಮನೆಯ ಬಾಡಿಗೆಯ ಒಪ್ಪಂದ ಬೇರೆ, ಆರೈಕೆಯ ಒಪ್ಪಂದ ಬೇರೆ. ಆರೈಕೆ ಹೇಗಿದೆ ಅಂತ 2009ರಿಂದ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ತಪಾಸಣೆ ಮಾಡುತ್ತದೆ. ಐದು ಪ್ರಶ್ನೆ ಕೇಳುತ್ತದೆ. ಇಲ್ಲಿ ಸುರಕ್ಷಿತವೇ, ಆರೈಕೆಯಿಂದ ಗುಣ ಕಾಣುತ್ತಿದೆಯೇ, ಅಂತಃಕರಣ ಇದೆಯೇ, ಕೇಳಿದ್ದಕ್ಕೆ ಸ್ಪಂದನೆ ಇದೆಯೇ, ನಡೆಸುವವರು ಸರಿಯಾಗಿ ನಡೆಸುತ್ತಿದ್ದಾರೆಯೇ. ವರದಿ ಯಾರು ಬೇಕಾದರೂ ಓದಬಹುದು. ಅಲ್ಲೂ ಕೊರತೆಗಳಿವೆ. ಆದರೆ ಕೊರತೆ ಬರಹದಲ್ಲಿ ಬೀಳುತ್ತದೆ.

ಅಷ್ಟು ದೂರ ಯಾಕೆ, ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ನರಳಾಟ ತಗ್ಗಿಸುವ ಆರೈಕೆಗೆ, ನೀತಿ ಮಾಡಿತು. ಪಂಚಾಯಿತಿ ಮಟ್ಟದಲ್ಲಿ ನರ್ಸ್ ಮನೆಗೆ ಬರುತ್ತಾರೆ, ಹಾಸಿಗೆ ಹಿಡಿದವರ ಹುಣ್ಣು ತೊಳೆಯುತ್ತಾರೆ, ಮನೆಯವರಿಗೆ ಮಗ್ಗಲು ಬದಲಿಸುವುದನ್ನು ಕಲಿಸುತ್ತಾರೆ. ದೇವದುರ್ಗದ ಹಳ್ಳಿಗೆ ಆಶ್ರಮಕ್ಕಿಂತ ಇದೇ ಹೆಚ್ಚು ಹೊಂದುತ್ತದೆ ಅಂತ ನನ್ನ ನಂಬಿಕೆ. ಯಾಕೆಂದರೆ ನಮ್ಮ ಮುದುಕರು ತಮ್ಮ ಕಟ್ಟೆ, ತಮ್ಮ ಬೇವಿನಮರ ಬಿಟ್ಟು ಬರಲು ಒಪ್ಪುವುದಿಲ್ಲ.

ಹಾಗಾದರೆ ನಮ್ಮಲ್ಲಿ ಒಳ್ಳೆಯ ಆರೈಕೆ ಅಂದರೆ ಏನು? ನೀರಿನಿಂದಲೇ ಶುರು ಮಾಡುತ್ತೇನೆ. ರಾಯಚೂರು, ಬಳ್ಳಾರಿಯ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದೇ ಕಡಿಮೆ. ಅದರ ಮೇಲೆ, ರಾತ್ರಿ ಎದ್ದು ಹೋಗಬೇಕಾಗುತ್ತದೆ, ಕರೆದರೆ ಯಾರೂ ಬರುವುದಿಲ್ಲ ಅಂತ ಬೇಕೆಂದೇ ನೀರು ಬಿಡುತ್ತಾರೆ. ಆಗ ಉರಿಮೂತ್ರ, ತಲೆಸುತ್ತು, ಮಾತು ತಡವರಿಸುವುದು. ನಾವು ‘ಅರವತ್ತಕ್ಕೆ ಅರಳುಮರಳು’ ಅಂದು ಸುಮ್ಮನಾಗುತ್ತೇವೆ. ಕೊನೆಗೆ ಬೀಳುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಕುಡಿದವರ ಮಂಡಿ, ಬೆನ್ನು ಮೊದಲೇ ಬಿಗಿದಿರುತ್ತವೆ. ಅಂಥವರಿಗೆ ಕೆಳಗೆ ಕೂರುವ ಪಾಯಖಾನೆ ಕೊಟ್ಟರೆ ಅದು ದಿನಕ್ಕೆರಡು ಸಲದ ಶಿಕ್ಷೆ. ಒಂದು ಕಮೋಡ್ ಕುರ್ಚಿ, ಗೋಡೆಗೆ ಒಂದು ಹಿಡಿಕೆ, ರಾತ್ರಿ ಉರಿಯುವ ಒಂದು ಸಣ್ಣ ಬಲ್ಬು ದೊಡ್ಡ ಖರ್ಚೇನಲ್ಲ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದಕ್ಕೆ ಖರ್ಚಾಗುವುದು ಮನುಷ್ಯರ ನಿದ್ದೆ. ಅದಕ್ಕೆ ಪಾಳಿ ಹಾಕಿ ಸಂಬಳ ಕೊಡಬೇಕು.

ಹಲ್ಲಿಲ್ಲದವರಿಗೆ ಗಟ್ಟಿ ರೊಟ್ಟಿ ಕೊಟ್ಟು ‘ಊಟ ಕೊಟ್ಟಿದ್ದೇವೆ’ ಅನ್ನುವುದೂ ನಡೆಯುತ್ತದೆ. ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ ಕೊಡಬಹುದು, ನುಚ್ಚು ಮಾಡಬಹುದು. ನಿಮಗೆ ಏನು ಸೇರುತ್ತದೆ ಅಂತ ಕೇಳಿದರೆ ಸಾಕು, ಅವರೇ ಹೇಳುತ್ತಾರೆ.

ಅಜ್ಜಿಯನ್ನು ನಾವು ಆ ವಾರವೇ ಊರಿಗೆ ಕರೆತಂದೆವು. ಪಕ್ಕದ ಮನೆಯ ಚಿಗವ್ವ ರಾತ್ರಿ ಬಂದು ಮಲಗುತ್ತಾಳೆ, ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ. ಹುಣ್ಣು ಮಾಯಲು ನಾಲ್ಕು ತಿಂಗಳು ಬೇಕಾಯಿತು. ಎಲ್ಲರಿಗೂ ಹೀಗೆ ಪಕ್ಕದ ಮನೆ ಸಿಗುವುದಿಲ್ಲ. ನೀವು ಮನೆಯವರನ್ನು ಎಲ್ಲಾದರೂ ಸೇರಿಸುವುದಿದ್ದರೆ ಹಗಲು ಹೋಗಿ ನೆಲ ನೋಡಿ ಬರಬೇಡಿ. ರಾತ್ರಿ ಒಂಬತ್ತರ ಮೇಲೆ ಹೋಗಿ. ಯಾರು ಎಚ್ಚರ ಇರುತ್ತಾರೆ, ಎಷ್ಟು ಜನ, ತಂಬಿಗೆ ಎಲ್ಲಿದೆ ಅಂತ ನೋಡಿ. ಎಲ್ಲಾದರೂ ಹಿರಿಯರಿಗೆ ತೊಂದರೆ ಆಗುತ್ತಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡು ಬೀಳುವುದಿಲ್ಲ.

ಸರ್ಕಾರ ದೆಹಲಿಯ ತಿದ್ದುಪಡಿಗೆ ಕಾಯಬೇಕಿಲ್ಲ. 19ನೇ ಸೆಕ್ಷನ್ನಿನ ಎರಡನೇ ಭಾಗ ವೃದ್ಧಾಶ್ರಮಗಳ ಗುಣಮಟ್ಟ ಏನಿರಬೇಕು, ಯಾವ ಯಾವ ಸೇವೆ ಇರಬೇಕು ಅಂತ ನಿಗದಿ ಮಾಡುವ ಅಧಿಕಾರವನ್ನು ರಾಜ್ಯಕ್ಕೇ ಕೊಟ್ಟಿದೆ. ರಾತ್ರಿ ಇಷ್ಟು ಮಂದಿಗೆ ಇಷ್ಟು ಕೈ ಎಂಬ ಸಾಲನ್ನು ಅಲ್ಲಿ ಬರೆಯಬಹುದು.