ಓದುಗರ ಪ್ರಶ್ನೆ: ಆಟ ಬರದಿದ್ದರೂ ದೊಡ್ಡ ಕ್ರೀಡಾಕೂಟಕ್ಕೆ ವಾಲಂಟಿಯರ್ ಆಗಬಹುದಾ?

ಪ್ರಶ್ನೆ: "ನಾನು ಹಾಸನದಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಎನ್‌ಎಸ್‌ಎಸ್‌ನಲ್ಲೂ ಇದ್ದೇನೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ನಮ್ಮ ದೇಶದಲ್ಲೇ ನಡೆಯುತ್ತದೆ ಅಂತ ಓದಿದೆ. ಅಂಥ ಕಡೆ ವಾಲಂಟಿಯರ್ ಆಗಬೇಕು ಅಂತ ತುಂಬಾ ಆಸೆ. ಆದರೆ ನನಗೆ ಯಾವ ಆಟವೂ ಸರಿಯಾಗಿ ಬರಲ್ಲ. ಇಂಗ್ಲಿಷ್, ಹಿಂದಿ ಅಷ್ಟಕ್ಕಷ್ಟೇ. ಅಲ್ಲಿ ಏನು ಕಲಿಸುತ್ತಾರೆ? ಈಗಿನಿಂದಲೇ ನಾನೇನು ತಯಾರಿ ಮಾಡಿಕೊಳ್ಳಬಹುದು?"

ಉತ್ತರ: ಖಂಡಿತ ಆಗಬಹುದು. ಆಟದ ನಿಯಮ ನೋಡಿಕೊಳ್ಳಲು ಅಂಪೈರ್‌ಗಳು, ರೆಫರಿಗಳು ಬೇರೆ ಇರುತ್ತಾರೆ. ವಾಲಂಟಿಯರ್ ಕೆಲಸದಲ್ಲಿ ಬಹುಪಾಲು ಜನರ ಜೊತೆಗಿನ ಕೆಲಸ. ಗೇಟಿನಲ್ಲಿ ನಿಲ್ಲುವುದು, ದಾರಿ ಹೇಳುವುದು, ಬಸ್ಸಿನಿಂದ ಇಳಿದ ತಂಡವನ್ನು ಅವರ ಕೋಣೆಗೆ ಮುಟ್ಟಿಸುವುದು, ಫಲಿತಾಂಶದ ಹಾಳೆ ತಲುಪಿಸುವುದು, ಓಟಗಾರರು ಬಿಚ್ಚಿಟ್ಟ ಟ್ರ್ಯಾಕ್‌ಸೂಟನ್ನು ಬುಟ್ಟಿಯಲ್ಲಿ ಹೊತ್ತು ಓಟ ಮುಗಿಯುವ ಕಡೆಗೆ ತಂದಿಡುವುದು. ಇದರಲ್ಲಿ ಯಾವುದಕ್ಕೂ ನೀವು ಆಟಗಾರ್ತಿ ಆಗಿರಬೇಕಿಲ್ಲ.

ಕಷ್ಟ ಎಲ್ಲಿದೆ ಅಂತ ಹೇಳಲು ನನ್ನದೇ ಒಂದು ಘಟನೆ ಹೇಳಬೇಕು. ಕಾಲೇಜಿನಲ್ಲಿದ್ದಾಗ ಒಂದು ಜಿಲ್ಲಾ ಮಟ್ಟದ ಕೂಟಕ್ಕೆ ನಮ್ಮನ್ನು ಕರೆದಿದ್ದರು. ಬೆಳಗ್ಗೆ ಏಳಕ್ಕೆ ಹೋದೆವು. ಕೊರಳಿಗೊಂದು ಟ್ಯಾಗ್, ತಲೆಗೊಂದು ಟೋಪಿ ಕೊಟ್ಟು ನಿಲ್ಲಿಸಿದರು. ಮೈದಾನ ಸುತ್ತಿಸಿ ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಹತ್ತು ಗಂಟೆ ಹೊತ್ತಿಗೆ ಒಬ್ಬಳು ಹುಡುಗಿ ಓಡಿ ಬಂದು, "ಅಣ್ಣಾ, 800 ಮೀಟರ್‌ಗೆ ಹೆಸರು ಕೊಡೋದು ಎಲ್ಲಿ?" ಅಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆ. ದೂರದಲ್ಲಿ ಒಂದು ಶಾಮಿಯಾನ ಕಾಣುತ್ತಿತ್ತು. ಅಲ್ಲೇ ಇರಬೇಕು ಅಂದುಕೊಂಡು ಕೈ ತೋರಿಸಿದೆ. ಅದು ಅಡುಗೆಯವರ ಶಾಮಿಯಾನ. ಅವಳು ಅಲ್ಲಿಂದ ತಿರುಗಿ ಸರಿಯಾದ ಜಾಗ ಹುಡುಕುವಷ್ಟರಲ್ಲಿ ಅವಳ ಹೀಟ್, ಅಂದರೆ ಮೊದಲ ಸುತ್ತಿನ ಓಟ, ಮುಗಿದಿತ್ತು. ಅರಕಲಗೂಡು ಕಡೆಯಿಂದ ಮೊದಲ ಬಸ್ಸಿಗೆ ಬಂದಿದ್ದಳಂತೆ. ಸಂಜೆವರೆಗೂ ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಗ್ಯಾಲರಿಯಲ್ಲಿ ಕೂತಿದ್ದಳು. ಒಂದು ವರ್ಷ ಓಡಿ ಓಡಿ ಅಭ್ಯಾಸ ಮಾಡಿದ್ದು ನನ್ನ ಒಂದು ಕೈಸನ್ನೆಯಲ್ಲಿ ಹೋಯಿತು.

ಹಾಗಾಗಿ ವಾಲಂಟಿಯರ್ ತರಬೇತಿಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಇಡುವ ಪಾಠ ಒಂದೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು, ಅಲ್ಲಿಗೇ ಬಿಡದೆ ಗೊತ್ತಿರುವವರ ಹತ್ತಿರ ಮುಟ್ಟಿಸುವುದು. "ನನಗೆ ಸರಿಯಾಗಿ ಗೊತ್ತಿಲ್ಲ, ಒಂದು ನಿಮಿಷ ಇರಿ, ಕೇಳಿ ಹೇಳ್ತೀನಿ." ಓದಲು ಸುಲಭ. ಮುಂದೆ ಇಪ್ಪತ್ತು ಜನ ನಿಂತು ಒಟ್ಟಿಗೆ ಕೇಳುವಾಗ ಬಾಯಿಗೆ ಬರುವುದಿಲ್ಲ. ಗೆಳತಿಯರ ಜೊತೆ ಜೋರಾಗಿ ಹೇಳಿ ಅಭ್ಯಾಸ ಮಾಡಬೇಕು.

ಇನ್ನು ದೊಡ್ಡ ಕೂಟಗಳಲ್ಲಿ ಹೇಗೆ ಕಲಿಸುತ್ತಾರೆ ಅನ್ನುವ ವಿಷಯ. 2012ರ ಲಂಡನ್ ಒಲಿಂಪಿಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಸುಮಾರು 70,000 ವಾಲಂಟಿಯರ್‌ಗಳಿದ್ದರು. ಅರ್ಜಿ ಹಾಕಿದವರು ಸುಮಾರು 2.4 ಲಕ್ಷ. ತರಬೇತಿಯನ್ನು ಮೂರು ಹಂತ ಮಾಡಿದ್ದರು. ಮೊದಲು ಎಲ್ಲರಿಗೂ ಒಂದೇ ಪಾಠ: ಈ ಕೂಟ ಏನು, ಜನರ ಜೊತೆ ಹೇಗೆ ನಡೆದುಕೊಳ್ಳಬೇಕು. ಆಮೇಲೆ ಅವರವರ ಕೆಲಸದ ಪಾಠ. ಕೊನೆಗೆ ಅವರು ನಿಲ್ಲುವ ಕ್ರೀಡಾಂಗಣದ ಪಾಠ. ಈಗ ದೊಡ್ಡ ಕೂಟಗಳಲ್ಲಿ ಹೆಚ್ಚುಕಡಿಮೆ ಇದೇ ಕ್ರಮ. ಮೊದಲೆರಡರಲ್ಲಿ ಸಾಕಷ್ಟನ್ನು ಮೊಬೈಲ್‌ನಲ್ಲೇ ಓದಿ, ವಿಡಿಯೊ ನೋಡಿ ಕಲಿಯಬಹುದು.

ಮೂರನೆಯದನ್ನು ಮಾತ್ರ ಕಾಲಲ್ಲೇ ಕಲಿಯಬೇಕು. ಮೈದಾನದಲ್ಲಿ ನಡೆದು ನೋಡಬೇಕು. ನಿಮ್ಮ ಗೇಟಿನಿಂದ ಹೆಂಗಸರ ಶೌಚಾಲಯಕ್ಕೆ ಎಷ್ಟು ಹೆಜ್ಜೆ? ಕುಡಿಯುವ ನೀರು ಎಲ್ಲಿ? ಆಂಬುಲೆನ್ಸ್ ಯಾವ ಗೇಟಿನಿಂದ ಬರುತ್ತದೆ, ಆ ಗೇಟಿನ ಮುಂದೆ ಬೈಕ್ ನಿಲ್ಲಿಸುತ್ತಾರಾ? ಮಳೆ ಬಂದರೆ ಜನ ಯಾವ ಕಡೆ ನುಗ್ಗುತ್ತಾರೆ? ಗಾಲಿಕುರ್ಚಿಗೆ ಇಳಿಜಾರು ದಾರಿ ಇದೆಯಾ? ಆಟಗಾರರು ಓಟಕ್ಕೆ ಮೊದಲು ಸೇರುವ ಕಾಲ್ ರೂಮ್ ಯಾವುದು? ಅಲ್ಲಿ ಎದೆಯ ನಂಬರ್, ಶೂವಿನ ಮೊಳೆ ಎಲ್ಲ ನೋಡಿ, ಸಮಯಕ್ಕೆ ಸರಿಯಾಗಿ ಸಾಲಾಗಿ ಒಳಗೆ ಕಳಿಸುತ್ತಾರೆ. ತಡವಾಗಿ ಬಂದರೆ ಓಟ ಹೋಯಿತು ಅಂತಲೇ ಲೆಕ್ಕ. ಹಗಲು ನೋಡಿದ ಮೈದಾನ ರಾತ್ರಿ ದೀಪದಲ್ಲಿ ಬೇರೆ ಥರ ಕಾಣುತ್ತದೆ. ಜನ ತುಂಬಿದ ಮೇಲಂತೂ ಬೋರ್ಡುಗಳೇ ಕಾಣುವುದಿಲ್ಲ. ಎರಡು ಸಲ ನಡೆಯಿರಿ. ಒಂದು ಸಲ ಖಾಲಿ ಇದ್ದಾಗ, ಇನ್ನೊಂದು ಸಲ ಏನಾದರೂ ಕಾರ್ಯಕ್ರಮ ಇದ್ದಾಗ.

ಕೊರಳಿನ ಕಾರ್ಡ್ ಬಗ್ಗೆಯೂ ಹೇಳಬೇಕು. ಅದರ ಮೇಲಿನ ಬಣ್ಣ, ಅಂಕಿ, ಅಕ್ಷರ ನೀವು ಎಲ್ಲಿಯವರೆಗೆ ಹೋಗಬಹುದು ಅಂತ ಹೇಳುತ್ತವೆ. ಬೇರೆಯವರ ಕಾರ್ಡನ್ನು ಓದಲು ನಿಮಗೆ ಬರಬೇಕು. "ನಾನು ಇಂಥವರ ಕಡೆಯವನು" ಅಂತ ಯಾರೇ ಬಂದರೂ ಕಾರ್ಡಿನಲ್ಲಿ ಇಲ್ಲದಿದ್ದರೆ ಒಳಗೆ ಬಿಡುವ ಹಾಗಿಲ್ಲ. ನಮ್ಮ ಕಡೆ ದೊಡ್ಡವರಿಗೆ ಇಲ್ಲ ಅನ್ನುವುದು ಕಷ್ಟ ಅಲ್ವಾ? ಜಗಳ ಮಾಡಬೇಕಿಲ್ಲ. ಕೈಮುಗಿದು, "ಸರ್, ಈ ಗೇಟಲ್ಲಿ ನನಗೆ ಅನುಮತಿ ಇಲ್ಲ, ಮೇಲಿನವರನ್ನು ಕರೀತೀನಿ" ಅಂದು ಸೂಪರ್‌ವೈಸರ್‌ಗೆ ಹೇಳಿ.

ಆಟ ನಡೆಯುವ ಅಂಗಳದೊಳಗೆ ಕೆಲಸ ಸಿಕ್ಕರೆ ಶಿಸ್ತು ಇನ್ನೂ ಬಿಗಿ. ಭರ್ಜಿ ಎಸೆತದಲ್ಲಿ ಬಿದ್ದ ಭರ್ಜಿಯನ್ನು ಕೈಯಲ್ಲಿ ಹಿಡಿದೇ ವಾಪಸ್ ತರಬೇಕು, ತಿರುಗಿ ಎಸೆಯುವ ಹಾಗಿಲ್ಲ. ಇದು ನಿಯಮ ಪುಸ್ತಕದಲ್ಲೇ ಇದೆ. ಶಾಲೆಯ ಮೈದಾನಗಳಲ್ಲಿ ಹುಡುಗರು ಎಸೆದೇ ವಾಪಸ್ ಕಳಿಸುವುದನ್ನು ನೋಡಿದಾಗ ನನಗೆ ಎದೆ ಝಲ್ ಅನ್ನುತ್ತದೆ. ಮದ್ದು ತಪಾಸಣೆಯ ಕೆಲಸ ಇನ್ನೊಂದು, ಅಂದರೆ ಆಟಗಾರರು ನಿಷೇಧಿತ ಮದ್ದು ತೆಗೆದುಕೊಂಡಿದ್ದಾರಾ ಅಂತ ನೋಡುವ ಡೋಪಿಂಗ್ ಪರೀಕ್ಷೆ. ತಪಾಸಣೆಗೆ ಆರಿಸಿದ ಆಟಗಾರರಿಗೆ ವಿಷಯ ತಿಳಿಸಿ, ಆ ಕ್ಷಣದಿಂದ ತಪಾಸಣಾ ಕೋಣೆ ಮುಟ್ಟುವವರೆಗೆ ಅವರನ್ನು ಕಣ್ಣಿಂದ ಮರೆಯಾಗಲು ಬಿಡದೆ ಜೊತೆಗೇ ಇರುವವರನ್ನು ಶಾಪರೋನ್ ಅನ್ನುತ್ತಾರೆ. ತರಬೇತಿ ಪಡೆದ ವಾಲಂಟಿಯರ್‌ಗಳಿಗೂ ಈ ಕೆಲಸ ಸಿಗುತ್ತದೆ. ಬಾಯಾರಿದೆ ಅಂತ ನೀವೇ ಬಾಟಲಿ ಮುಚ್ಚಳ ತೆಗೆದು ಕೊಡಬಾರದು. ಸೀಲ್ ಒಡೆಯದ ಬಾಟಲಿಗಳನ್ನು ಅವರ ಮುಂದಿಡಿ, ಅವರೇ ಆರಿಸಿಕೊಂಡು ತೆಗೆದು ಕುಡಿಯಲಿ. ಅವರ ಇಡೀ ಬದುಕು ಆ ಒಂದು ಸ್ಯಾಂಪಲ್ ಮೇಲೆ ನಿಂತಿರುತ್ತದೆ.

ಯಾರಾದರೂ ತಲೆ ಸುತ್ತಿ ಬಿದ್ದರೆ? ವಾಲಂಟಿಯರ್ ಡಾಕ್ಟರ್ ಆಗಬೇಕಿಲ್ಲ. ವೈದ್ಯಕೀಯ ತಂಡಕ್ಕೆ ಜಾಗವನ್ನು ಸರಿಯಾಗಿ ಹೇಳಿದರೆ ಅರ್ಧ ಕೆಲಸ ಆಯಿತು. "ಸ್ಟೇಡಿಯಂನಲ್ಲಿ ಒಬ್ಬರು ಬಿದ್ದಿದ್ದಾರೆ" ಅಂದರೆ ಏನೂ ಹೇಳಿದ ಹಾಗಲ್ಲ. "ಮೂರನೇ ಗೇಟ್, ಗ್ಯಾಲರಿ ಮೆಟ್ಟಿಲ ಕೆಳಗೆ, ವಯಸ್ಸಾದ ಹೆಂಗಸು, ಪ್ರಜ್ಞೆ ಇದೆ" ಅನ್ನಬೇಕು. ಆದರೂ ಎದೆ ಒತ್ತುವ ಪ್ರಥಮ ಚಿಕಿತ್ಸೆ, ಅಂದರೆ ಸಿಪಿಆರ್ ಕಲಿತಿರಿ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಗೊಂಬೆಯ ಮೇಲೆ ಒತ್ತಿ ನೋಡಿದರೇ ಕೈಗೆ ಆ ಲೆಕ್ಕ ಕೂರುವುದು. ರೆಡ್ ಕ್ರಾಸ್ ಸಂಸ್ಥೆ ಇಂಥ ತರಬೇತಿ ಕೊಡುತ್ತದೆ. ನಿಮ್ಮ ಎನ್‌ಎಸ್‌ಎಸ್ ಅಧಿಕಾರಿಯ ಹತ್ತಿರ ಹೇಳಿ ಕಾಲೇಜಿನಲ್ಲೇ ಒಂದು ದಿನ ಮಾಡಿಸಿ.

ತಪ್ಪಿಸಿಕೊಂಡ ಮಗು ಸಿಕ್ಕರೆ ಒಬ್ಬರೇ ಕರೆದುಕೊಂಡು ಹೋಗಬೇಡಿ, ಇನ್ನೊಬ್ಬ ವಾಲಂಟಿಯರ್ ಜೊತೆಗಿರಲಿ. "ನನ್ನ ಮಗು" ಅಂತ ಬಂದವರ ಕೈಗೆ ನೀವೇ ಕೊಡಬೇಡಿ. ಪೊಲೀಸರ ಅಥವಾ ಸಹಾಯ ಕೇಂದ್ರದ ಮೂಲಕವೇ ಆಗಬೇಕು.

ಹಾಸನದವರಾದ ನಮಗೆ ಇನ್ನೊಂದು ವಿಷಯ ಹತ್ತಿರದ್ದು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದ ಎಚ್.ಎನ್. ಗಿರೀಶ ನಮ್ಮ ಜಿಲ್ಲೆಯವರು. ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ನ ಬ್ಯಾಡ್ಮಿಂಟನ್‌ನಲ್ಲಿ ಬೆಳ್ಳಿ ತಂದ ಐಎಎಸ್ ಅಧಿಕಾರಿ ಸುಹಾಸ್ ಹುಟ್ಟಿದ್ದೂ ಹಾಸನದಲ್ಲೇ. ಇವರನ್ನು ನೆನೆಸಿಕೊಂಡು ಹೆಮ್ಮೆ ಪಡುತ್ತೇವೆ. ಆದರೆ ಗಾಲಿಕುರ್ಚಿಯಲ್ಲಿ ಬಂದ ಆಟಗಾರರನ್ನು ಎದುರಿಗೆ ಕಂಡಾಗ ಹೇಗೆ ಮಾತಾಡಿಸಬೇಕು ಅಂತ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕೇಳದೆ ಕುರ್ಚಿ ತಳ್ಳಬೇಡಿ. ಆ ಕುರ್ಚಿ ಅವರಿಗೆ ಮೈಯ ಭಾಗದ ಹಾಗೆ. "ಸಹಾಯ ಬೇಕಾ?" ಅಂತ ಕೇಳಿ, ಬೇಡ ಅಂದರೆ ಬಿಡಿ. ಜೊತೆಗಿರುವವರ ಮುಖ ನೋಡಿ "ಇವರಿಗೇನು ಬೇಕು" ಅಂತ ಕೇಳಬೇಡಿ, ಅವರನ್ನೇ ಕೇಳಿ. ಕಣ್ಣು ಕಾಣದವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಮುಂದೆ ಮಾಡಿ, ಅವರೇ ಹಿಡಿದುಕೊಳ್ಳುತ್ತಾರೆ. ಮೆಟ್ಟಿಲು ಬಂದಾಗ ಮೇಲಕ್ಕೋ ಕೆಳಕ್ಕೋ ಅಂತ ಬಾಯಲ್ಲಿ ಹೇಳಿ. "ಪಾಪ" ಅನ್ನುವ ಮಾತು ಅವರ ಕಿವಿಗೆ ಬೀಳಲೇಬಾರದು. ಅವರು ಗೆಲ್ಲಲು ಬಂದವರು.

ಭಾಷೆಯ ವಿಷಯಕ್ಕೆ ಹೆದರಬೇಡಿ. ಮಣಿಪುರದ ಹುಡುಗಿಗೂ ಇಂಗ್ಲಿಷ್, ಹಿಂದಿ ಅಷ್ಟಕ್ಕಷ್ಟೇ ಇರಬಹುದು. ಗೇಟಿನಲ್ಲಿ ಬೇಕಾಗುವುದು ಇಪ್ಪತ್ತು ವಾಕ್ಯ. ಎಡಕ್ಕೆ ಹೋಗಿ, ಬಸ್ ಇಷ್ಟು ಗಂಟೆಗೆ, ಊಟ ಅಲ್ಲಿ, ಕಾರ್ಡ್ ತೋರಿಸಿ, ಡಾಕ್ಟರ್ ಬರುತ್ತಾರೆ. ಅವನ್ನು ಎರಡೂ ಭಾಷೆಯಲ್ಲಿ ಒಂದು ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡಿ. ನಿಧಾನವಾಗಿ ಹೇಳಿ, ಕೈಯನ್ನು ಪೂರ್ತಿ ಬಿಚ್ಚಿ ದಾರಿ ತೋರಿಸಿ, ಬೆರಳು ಮಾಡಬೇಡಿ. ಕೂಟ ನಮ್ಮ ರಾಜ್ಯದಲ್ಲೇ ಆದರೆ ನಿಮ್ಮ ಕನ್ನಡವೇ ದೊಡ್ಡ ಬಲ. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಬೆಂಗಳೂರು, ಮೈಸೂರಿನಲ್ಲಿ ನಡೆದಿತ್ತು. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿಗೆ ಬಂದಿತ್ತು. ಬಸ್ ಡ್ರೈವರ್, ಅಡುಗೆಯವರು, ಪೊಲೀಸರ ಹತ್ತಿರ ಕೆಲಸ ಆಗುವುದು ಕನ್ನಡದಲ್ಲೇ.

ಈಗ ಒಂದು ಕಹಿ ಮಾತು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಆರಿಸಿಕೊಂಡಿದ್ದ ಸಾವಿರಾರು ವಾಲಂಟಿಯರ್‌ಗಳು ಕೊನೆ ಗಳಿಗೆಯಲ್ಲಿ ಕೈಬಿಟ್ಟರು. ಇದರಲ್ಲಿ ಮಕ್ಕಳ ತಪ್ಪನ್ನಷ್ಟೇ ನೋಡಬಾರದು ಅಂತ ನನ್ನ ಅಭಿಪ್ರಾಯ. ಎಲ್ಲೇ ಆಗಲಿ, ಬಿಸಿಲಲ್ಲಿ ನಿಲ್ಲುವವರಿಗೆ ಹೊತ್ತಿಗೆ ಊಟ, ಬದಲಿ ಜನ, ಕೂರಲು ಒಂದು ನೆರಳು, ರಾತ್ರಿ ಮನೆ ಸೇರಲು ಬಸ್ ಕೊಡದಿದ್ದರೆ ಮೂರನೇ ದಿನ ಯಾರು ಬರುತ್ತಾರೆ? ನಿಮ್ಮ ಊರಲ್ಲಿ ಕೂಟ ನಡೆಸುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮೊದಲು ಊಟದ ಪಟ್ಟಿಯಲ್ಲಿ ವಾಲಂಟಿಯರ್‌ಗಳ ಹೆಸರು ಬರೆಯಿರಿ. ನೀವೂ ಅಷ್ಟೇ. ಮನೆಯವರ ಒಪ್ಪಿಗೆ, ಪರೀಕ್ಷೆಯ ದಿನಾಂಕ ನೋಡಿಕೊಂಡೇ ಒಪ್ಪಿಕೊಳ್ಳಿ. ಒಪ್ಪಿದ ಮೇಲೆ ಕೊನೆ ದಿನದ ಕೊನೆ ಬಸ್ ಹೊರಡುವವರೆಗೂ ಇರಿ.

2030ರ ಕೂಟ ಅಹಮದಾಬಾದ್‌ನಲ್ಲಿ. ಅರ್ಜಿ ಕರೆಯಲು ಇನ್ನೂ ಸಮಯ ಇದೆ. ಲಂಡನ್ ಕೂಟಕ್ಕೆ 2010ರ ಸೆಪ್ಟೆಂಬರ್‌ನಲ್ಲಿ, 2024ರ ಪ್ಯಾರಿಸ್‌ಗೆ 2023ರ ಮಾರ್ಚ್‌ನಲ್ಲಿ ಅರ್ಜಿ ಕರೆದಿದ್ದರು. ಆ ಲೆಕ್ಕದಲ್ಲಿ 2028ರ ಮಧ್ಯದಿಂದ ಕಣ್ಣಿಟ್ಟಿರಿ. ವಾಲಂಟಿಯರ್ ಕೆಲಸಕ್ಕೆ ಸಂಬಳ ಇರುವುದಿಲ್ಲ. ಲಂಡನ್, ಪ್ಯಾರಿಸ್‌ನಲ್ಲಿ ಸಮವಸ್ತ್ರ, ಡ್ಯೂಟಿ ದಿನದ ಊಟ, ಊರೊಳಗಿನ ಓಡಾಟ ಸಿಕ್ಕಿತು. ಉಳಿಯುವ ಖರ್ಚು ಅವರವರದೇ ಆಗಿತ್ತು. ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. "ದುಡ್ಡು ಕಟ್ಟಿದರೆ ವಾಲಂಟಿಯರ್ ಮಾಡಿಸ್ತೀವಿ" ಅಂತ ಯಾರಾದರೂ ಬಂದರೆ ನಂಬಬೇಡಿ. ಕೇಂದ್ರ ಸರ್ಕಾರದ 'ಮೈ ಭಾರತ್' ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಡಿ, ಅದು 15ರಿಂದ 29 ವರ್ಷದವರಿಗೆ.

ಅಲ್ಲಿಯವರೆಗೆ ಹಾಸನ ಬಿಟ್ಟು ಹೋಗಬೇಕಾಗಿಯೇ ಇಲ್ಲ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಲೇಬೇಕಲ್ಲ, ಅದರಲ್ಲೊಂದಿಷ್ಟನ್ನು ಜನ ಸೇರುವ ಕಡೆ ಕೊಡಿ. ದೀಪಾವಳಿ ಸುಮಾರಿಗೆ ಹಾಸನಾಂಬೆ ಬಾಗಿಲು ತೆರೆದಾಗ ಆ ಸಾಲಿನಲ್ಲಿ ನಿಂತು ಕೆಲಸ ಮಾಡಿ ನೋಡಿ. "ಇನ್ನೆಷ್ಟು ಹೊತ್ತಮ್ಮ?" ಅಂತ ಕೇಳಿದ ಅಜ್ಜಿಗೆ ಸುಮ್ನೆ "ಆಯ್ತು ಆಯ್ತು" ಅನ್ನುವುದಕ್ಕೂ, "ಇನ್ನೊಂದು ಗಂಟೆ ಆಗುತ್ತೆ ಅಜ್ಜಿ, ನೀರು ಅಲ್ಲಿದೆ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತಾಗುತ್ತದೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ. ಹಿಂದಿನದು 2018ರಲ್ಲಿ ಆಯಿತು, ಆ ಲೆಕ್ಕದಲ್ಲಿ ಮುಂದಿನದೂ 2030ಕ್ಕೇ ಬರುತ್ತದೆ. 600ಕ್ಕೂ ಜಾಸ್ತಿ ಮೆಟ್ಟಿಲು ಹತ್ತಿ ಇಳಿಯುವ ಜನರನ್ನು ನೋಡಿಕೊಂಡವರಿಗೆ ಯಾವ ಸ್ಟೇಡಿಯಂ ಗ್ಯಾಲರಿಯೂ ಭಾರ ಅನ್ನಿಸುವುದಿಲ್ಲ.

ಆದರೆ ಮೊದಲು ದಸರಾ ಕ್ರೀಡಾಕೂಟದಿಂದ ಶುರುಮಾಡಿ. ತಾಲ್ಲೂಕು, ಜಿಲ್ಲೆ, ವಿಭಾಗ, ಆಮೇಲೆ ಮೈಸೂರು ಅಂತ ಅದು ಮೇಲಕ್ಕೆ ಹೋಗುತ್ತದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ಕೆಲಸಕ್ಕೆ ಬರುತ್ತೇವೆ ಅಂತ ನಾಲ್ಕು ಜನ ಸೇರಿ ಕೇಳಿ. ಕೂಟದ ಹಿಂದಿನ ಸಂಜೆ ಮೈದಾನಕ್ಕೆ ಹೋಗಿ ಒಂದು ಸುತ್ತು ಬನ್ನಿ. 800 ಮೀಟರ್‌ಗೆ ಹೆಸರು ಕೊಡುವ ಟೇಬಲ್ ಎಲ್ಲಿ ಹಾಕುತ್ತಾರೆ ಅಂತ ಪಿ.ಟಿ. ಮೇಷ್ಟ್ರನ್ನು ಕೇಳಿ, ಆ ಜಾಗಕ್ಕೆ ನಡೆದು ನೋಡಿಕೊಂಡು ಬನ್ನಿ.