ಧಾರಾವಾಹಿ ಮುಗಿಯುವುದು ಯಾರ ಲೆಕ್ಕದಲ್ಲಿ?

ಸಂಜೆ ಆರರಿಂದ ರಾತ್ರಿ ಹತ್ತೂವರೆವರೆಗೆ ಕನ್ನಡ ಚಾನೆಲ್‌ಗಳಲ್ಲಿ ಧಾರಾವಾಹಿಗಳದ್ದೇ ಸಾಲು. ಹೊಸದೊಂದರ ಪ್ರೋಮೋ ಬಂತು ಅಂದರೆ ಹಳೆಯದೊಂದರ ಸ್ಲಾಟ್ ಹೋಯಿತು ಅಂತಲೇ ಅರ್ಥ. ಒಂದೋ ಅದರ ಸಮಯ ಬದಲಾಗುತ್ತದೆ, ಇಲ್ಲವೇ ಕಥೆ ಗಡಿಬಿಡಿಯಲ್ಲಿ ಮುಗಿಯುತ್ತದೆ. ಚೆನ್ನಾಗಿ ಓಡುವುದು ಮಾತ್ರ ಮುಗಿಯುವುದೇ ಇಲ್ಲ. ‘ಇದನ್ಯಾಕೆ ಎಳೀತಿದ್ದಾರೆ, ಅದನ್ಯಾಕೆ ನಿಲ್ಲಿಸಿದ್ರು?’ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಇದೇ ಮಾತು.

ಶುರುವಿನಲ್ಲಿ ಹೀಗಿರಲಿಲ್ಲ. 1980ರ ದಶಕದಲ್ಲಿ ಇದ್ದದ್ದು ದೂರದರ್ಶನ ಒಂದೇ. ವಾರಕ್ಕೊಂದು ಕಂತು. 13 ಕಂತಿಗೆ ಒಪ್ಪಿಗೆ, ಬೇಕಾದರೆ ಇನ್ನೊಂದು 13. ‘ಸಿಹಿ ಕಹಿ’ ಆ ಕಾಲದ್ದು. ಆ ಹೆಸರು ಚಂದ್ರು ಮತ್ತು ಗೀತಾ ಅವರ ಜೊತೆ ಇಂದಿಗೂ ಉಳಿದಿದೆ. 1994ರಲ್ಲಿ ಉದಯ, 2000ದಲ್ಲಿ ಈಟಿವಿ, 2006ರಲ್ಲಿ ಜೀ, 2007ರಲ್ಲಿ ಸುವರ್ಣ ಬಂದವು. ವಾರದ ಕಂತು ದಿನದ ಕಂತಾಯಿತು.

ಆ ಬದಲಾವಣೆಯ ನಡುವೆ ಒಂದು ಒಳ್ಳೆಯ ಕಾಲವಿತ್ತು. 1998ರಲ್ಲಿ ‘ಮಾಯಾಮೃಗ’ ದೂರದರ್ಶನದಲ್ಲಿ ಬಂತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದು. ದಿನವೂ ಬರುವ ಕಥೆ, ಆದರೆ ಅವಸರವಿಲ್ಲ. ಮಧ್ಯಮ ವರ್ಗದ ಮನೆ, ಕೆಲಸದ ಚಿಂತೆ, ಮದುವೆಯ ಮಾತುಕತೆ. ಜನ ಸುಮ್ನೆ ಕೂತು ಮಾತಾಡುವ ದೃಶ್ಯಕ್ಕೂ ಅಲ್ಲಿ ಜಾಗವಿತ್ತು. ಆಮೇಲೆ ಈಟಿವಿಯಲ್ಲಿ ಸೀತಾರಾಮ್ ಅವರ ‘ಮನ್ವಂತರ’, ‘ಮುಕ್ತ’ ಬಂದವು. ವಕೀಲ ಸಿ.ಎಸ್.ಪಿ. ಕೋರ್ಟಿನಲ್ಲಿ ಎದ್ದು ನಿಂತರೆ ಮನೆಯಲ್ಲಿ ಎಲ್ಲರೂ ಕಿವಿಯಾಗುತ್ತಿದ್ದರು. ವಾದ ಅರ್ಧಕ್ಕೆ ನಿಂತರೆ ಮರುದಿನ ಆಫೀಸಿನಲ್ಲಿ ಅದರ ಮುಂದುವರಿಕೆ ನಡೆಯುತ್ತಿತ್ತು. ನಗುವುದಕ್ಕೆ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಇದ್ದವು. ಸೀತಾರಾಮ್ ಅವರು ನೋಡುಗರ ಜೊತೆ ಸಂವಾದವನ್ನೂ ನಡೆಸಿದರು. ಜನ ಎದ್ದು ನಿಂತು ಪ್ರಶ್ನೆ ಕೇಳಿದರು. ಕಥೆ ಬರೆಯುವವರಿಗೆ ನೋಡುವವರ ಮಾತು ನೇರವಾಗಿ ಕೇಳಿಸಿತು. ಇದು ಸಣ್ಣ ವಿಷಯವಲ್ಲ.

ಈಗ ಆ ಮಾತು ಹೋಗುವ ದಾರಿ ಬೇರೆ. ಆಯ್ದ ಮನೆಗಳ ಟಿವಿಗೆ ಒಂದು ಮೀಟರ್ ಜೋಡಿಸಿರುತ್ತಾರೆ. ಮನೆಯಲ್ಲಿ ಯಾರು ನೋಡುತ್ತಿದ್ದಾರೋ ಅವರು ತಮ್ಮ ಬಟನ್ ಒತ್ತಬೇಕು. ವಾರಕ್ಕೊಮ್ಮೆ ಗುರುವಾರ ಅಂಕಿ ಹೊರಬರುತ್ತದೆ. ಅದೇ ಟಿಆರ್‌ಪಿ. ಜಾಹೀರಾತಿನ ದುಡ್ಡು ನಿಂತಿರುವುದು ಅದರ ಮೇಲೆ. ಅಂಕಿ ಇಳಿದರೆ ಕಥೆ ತಿರುಗುತ್ತದೆ, ಮತ್ತೂ ಇಳಿದರೆ ಸಮಯ ಬದಲು, ಆಮೇಲೆ ಮುಕ್ತಾಯ. 2015ರಲ್ಲಿ ಈ ಅಂಕಿ ಲೆಕ್ಕಹಾಕುವ ಸಂಸ್ಥೆ ಬಾರ್ಕ್ ಬಂದ ಮೇಲೆ ಹಳ್ಳಿಯ ಮನೆಗಳೂ ಈ ಲೆಕ್ಕಕ್ಕೆ ಸೇರಿದವು. ಅದು ಒಳ್ಳೆಯದೇ ಆಯಿತು. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ‘ಪುಟ್ಟಕ್ಕ’ನಂಥ ತಾಯಿ ಮಂಡ್ಯದ ಮಾತಿನಲ್ಲೇ ನಾಯಕಿಯಾದಳು.

ಆದರೂ 2025ರಲ್ಲಿ ಇಡೀ ದೇಶದಲ್ಲಿ ಮೀಟರ್ ಇದ್ದದ್ದು ಸುಮಾರು 58,000 ಮನೆಗಳಲ್ಲಿ. ಟಿವಿ ಇದ್ದ ಮನೆಗಳು ಸುಮಾರು 23 ಕೋಟಿ. ಸರಿಯಾಗಿ ಆಯ್ದರೆ ಸಣ್ಣ ಗುಂಪಿನಿಂದಲೂ ಅಂದಾಜು ಸಿಗುತ್ತದೆ, ನಿಜ. ಆದರೆ ಮೆಟ್ರೋದಲ್ಲಿ ಮನೆಗೆ ಹೋಗುತ್ತಾ ಫೋನಿನಲ್ಲಿ ನಿನ್ನೆಯ ಕಂತು ನೋಡುವವರು ಆ ಟಿಆರ್‌ಪಿಯಲ್ಲಿ ಎಲ್ಲೂ ಇಲ್ಲ. ಬೆಂಗಳೂರಿನಲ್ಲಿ ಅಂಥವರೇ ಜಾಸ್ತಿಯಾಗುತ್ತಿದ್ದಾರೆ ಅಲ್ವಾ?

ಹಳೆಯ ಹೆಸರುಗಳು ಮರಳಿ ಬರುತ್ತಿರುವುದಕ್ಕೂ ಈ ಟಿಆರ್‌ಪಿ ಲೆಕ್ಕಕ್ಕೂ ನಂಟಿದೆ. ಗೊತ್ತಿರುವ ಹೆಸರಾದರೆ ಮೊದಲ ವಾರ ಜನ ಬಂದೇ ಬರುತ್ತಾರೆ. ‘ಪಾಪ ಪಾಂಡು’ 2018ರಲ್ಲಿ ಮರಳಿತು. ‘ಲಕ್ಷ್ಮೀ ಬಾರಮ್ಮ’ 2023ರಲ್ಲಿ ಬೇರೆಯದೇ ಕಥೆ ಹೊತ್ತು ಬಂತು. ಸೀತಾರಾಮ್ ಅವರ ‘ಮಗಳು ಜಾನಕಿ’ 2020ರ ಲಾಕ್‌ಡೌನ್‌ನಲ್ಲಿ ನಿಂತೇಹೋಯಿತು. ಅದನ್ನು ನೋಡುತ್ತಿದ್ದವರ ಬೇಸರ ಇನ್ನೂ ಹೋಗಿಲ್ಲ. 2022ರಲ್ಲಿ ಅವರು ‘ಮತ್ತೆ ಮಾಯಾಮೃಗ’ ತಂದಾಗ ಹಳೆಯ ನೋಡುಗರು ಹುಡುಕಿಕೊಂಡು ಹೋದರು.

2025ರಲ್ಲಿ ಕೇಂದ್ರ ಸರ್ಕಾರ ರೇಟಿಂಗ್ ನಿಯಮಗಳನ್ನು ಬದಲಿಸುವ ಕರಡು ಹೊರಡಿಸಿತು. ಸ್ಮಾರ್ಟ್ ಟಿವಿ, ಫೋನ್‌ಗಳಲ್ಲಿ ನೋಡುವುದು ಲೆಕ್ಕಕ್ಕೆ ಸಿಗುತ್ತಿಲ್ಲ ಎಂದು ಆಗ ಸರ್ಕಾರವೂ ಒಪ್ಪಿಕೊಂಡಿತು. ನಿಯಮ ಬದಲಾಗುವುದು ನಿಧಾನವಾದೀತು. ಆದರೆ ಶುರುವಿನಲ್ಲೇ ಇಷ್ಟು ಕಂತು ಅಂತ ಹೇಳಿ ಕಥೆ ಕಟ್ಟುವುದಕ್ಕೆ, ನಿಲ್ಲಿಸಲೇಬೇಕಾದರೆ ಸರಿಯಾಗಿ ಮುಗಿಸಲು ಒಂದು ತಿಂಗಳು ಕೊಡುವುದಕ್ಕೆ ಯಾವ ಕರಡೂ ಬೇಕಿಲ್ಲ. 13 ಕಂತಿನ ಕಾಲದಲ್ಲಿ ಅದು ನಡೆಯುತ್ತಿತ್ತು.