ಉಲ್ಲೇಖ ಎಣಿಸುವ ಮುನ್ನ ಓದಿ ನೋಡಿ

ಆಯ್ಕೆ ಸಮಿತಿಗಳಲ್ಲಿ ಕುಳಿತು ಕುಳಿತು ನನಗೊಂದು ಚಾಳಿ ಅಂಟಿಕೊಂಡಿದೆ. ಅರ್ಜಿ ಕೈಗೆ ಬಂದೊಡನೆ ಉಳಿದ ಸದಸ್ಯರ ಕಣ್ಣು ಮೊದಲ ಪುಟದ ಅಂಕಿಗಳ ಮೇಲೆ ಬೀಳುತ್ತದೆ: ಪ್ರಬಂಧ ಎಷ್ಟು, ಬೇರೆ ಸಂಶೋಧಕರು ತಮ್ಮ ಬರಹದಲ್ಲಿ ಅವನ್ನು ಹೆಸರಿಸಿದ ಉಲ್ಲೇಖ ಎಷ್ಟು, ಇವೆರಡನ್ನೂ ಸೇರಿಸಿ ಕಟ್ಟಿದ ಎಚ್-ಸೂಚ್ಯಂಕ ಎಷ್ಟು. ನಾನು ಅಭ್ಯರ್ಥಿಯ ಒಂದೆರಡು ಪ್ರಬಂಧಗಳನ್ನು ಆರಿಸಿ, ಅವನ್ನು ಉಲ್ಲೇಖಿಸಿದ ಬೇರೆಯವರ ಹತ್ತು ಹತ್ತು ಪ್ರಬಂಧಗಳನ್ನು ತೆರೆಯುತ್ತೇನೆ. ಇವರ ಹೆಸರು ಎಲ್ಲಿ ಬಂದಿದೆ, ಯಾಕೆ ಬಂದಿದೆ ಎಂದು ಹುಡುಕುತ್ತೇನೆ. ಅರ್ಧ ಗಂಟೆ ಸಾಕು.

ಒಮ್ಮೆ ಹೀಗೆ ನೋಡಿದಾಗ, ಸತು ಆಕ್ಸೈಡಿನ ನ್ಯಾನೋ ಕಣಗಳ ಬಗ್ಗೆ ಬರೆದ ಪ್ರಬಂಧಕ್ಕೆ ಇನ್ನೂರು ದಾಟಿದ ಉಲ್ಲೇಖಗಳಿದ್ದವು. ತೆರೆದ ಹತ್ತರಲ್ಲಿ ಎಂಟು ಕಡೆ ಅದು ಪೀಠಿಕೆಯ ಮೊದಲ ಪ್ಯಾರಾದಲ್ಲೇ ಸಿಕ್ಕಿತು. ‘ಈ ಕಣಗಳಿಗೆ ಹಲವು ಉಪಯೋಗಗಳಿವೆ’ ಎಂಬ ವಾಕ್ಯದ ತುದಿಗೆ ಹದಿನಾರು ಪ್ರಬಂಧಗಳ ಗೊಂಚಲು, ಅದರಲ್ಲಿ ಇದೂ ಒಂದು. ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಸಾಲಾಗಿ ಬರುವ ಹೆಸರುಗಳಿರುತ್ತವಲ್ಲ, ಹಾಗೆ. ಅದೇ ಅಭ್ಯರ್ಥಿಯ ಇನ್ನೊಂದು ಪ್ರಬಂಧ, ಲೇಪನದಲ್ಲಿ ಏಳುವ ಬಿರುಕನ್ನು ಅಳೆಯುವ ಬಗೆಯದು, ಮೂವತ್ತೊಂದು ಉಲ್ಲೇಖಗಳನ್ನಷ್ಟೇ ಪಡೆದಿತ್ತು. ಆದರೆ ಹತ್ತರಲ್ಲಿ ಏಳು ಮಂದಿ ಪ್ರಯೋಗ ವಿಧಾನದ ಭಾಗದಲ್ಲಿ ‘ಅಳತೆಯನ್ನು ಈ ಕ್ರಮದಲ್ಲಿ ಮಾಡಿದೆವು’ ಎಂದು ಬರೆದಿದ್ದರು. ಇವರ ನಿಜವಾದ ಕೆಲಸ ಇದು ಎಂದೆ. ಅಧ್ಯಕ್ಷರು ಗಡಿಯಾರ ನೋಡಿದರು.

ಎಚ್-ಸೂಚ್ಯಂಕವನ್ನು 2005ರಲ್ಲಿ ಮುಂದಿಟ್ಟವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಲೆಕ್ಕ ಸುಲಭ. ಒಬ್ಬರ ಆರು ಪ್ರಬಂಧಗಳಿಗೆ 90, 31, 8, 5, 4, 2 ಉಲ್ಲೇಖಗಳಿವೆ ಎನ್ನಿ. ಕನಿಷ್ಠ ನಾಲ್ಕು ಉಲ್ಲೇಖಗಳಿರುವ ಪ್ರಬಂಧಗಳು ನಾಲ್ಕಾದರೂ ಇವೆ. ಐದು ಉಲ್ಲೇಖಗಳಿರುವ ಪ್ರಬಂಧಗಳು ಐದಿಲ್ಲ. ಹಾಗಾಗಿ ಸೂಚ್ಯಂಕ 4. ಆ 90 ನಾಳೆ 9,000 ಆದರೂ ಅದು 4ರಿಂದ ಕದಲುವುದಿಲ್ಲ.

ಈ ಕುರುಡುತನ ನಮ್ಮ ಪದಾರ್ಥ ವಿಜ್ಞಾನದಲ್ಲಿ ಹೆಚ್ಚು ಕಾಡುತ್ತದೆ. ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ಶ್ಯಾನನ್ 1976ರಲ್ಲಿ ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳ, ತ್ರಿಜ್ಯಗಳ ಪರಿಷ್ಕೃತ ಕೋಷ್ಟಕವನ್ನು ಪ್ರಕಟಿಸಿದರು. ಹೊಸ ಆಕ್ಸೈಡ್ ತಯಾರಿಸುವವರು ಯಾವ ಅಯಾನು ಯಾವ ಜಾಗದಲ್ಲಿ ಕೂರುತ್ತದೆಂದು ತಿಳಿಯಲು ಇಂದಿಗೂ ಅದನ್ನು ಪಂಚಾಂಗದಂತೆ ತಿರುವಿ ನೋಡುತ್ತಾರೆ. ಇಡೀ ವಿಜ್ಞಾನದಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳ ಸಾಲಿಗೆ ಅದು ಸೇರುತ್ತದೆ. ಸೂಚ್ಯಂಕದ ಲೆಕ್ಕದಲ್ಲಿ ಅದರ ಕಾಣಿಕೆ ಒಂದೇ ಒಂದು.

ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರ ಸೂಚ್ಯಂಕ 100 ಮುಟ್ಟಿದಾಗ, 2013ರಲ್ಲಿ, ಪತ್ರಿಕೆಗಳು ಅದನ್ನು ಸುದ್ದಿ ಮಾಡಿದವು. ಅವರ ಪ್ರಬಂಧಗಳು 1,500ನ್ನು ಮೀರಿವೆ. ಅವುಗಳಲ್ಲಿ ಹೆಚ್ಚು ಉಲ್ಲೇಖಗೊಂಡವುಗಳ ಪೈಕಿ, ಅಜಯ್ ಸೂದ್ ಮೊದಲಾದವರೊಂದಿಗೆ 2009ರಲ್ಲಿ ಬರೆದ, ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್ ಕುರಿತ ಲೇಖನವೂ ಇದೆ. ಅದು ಒಂದು ವಿಷಯದಲ್ಲಿ ಆಗಿರುವ ಕೆಲಸಗಳನ್ನೆಲ್ಲ ಒಟ್ಟಿಗೆ ಹೇಳುವ ಸಮೀಕ್ಷಾ ಲೇಖನ. ಅಂಥವಕ್ಕೆ ಉಲ್ಲೇಖಗಳು ಸಹಜವಾಗಿಯೇ ಹೆಚ್ಚು. ಲೋಹದ ಆಕ್ಸೈಡುಗಳ ಮೇಲೆ ಅವರು ದಶಕಗಳ ಕಾಲ ನಡೆಸಿದ ಕೆಲಸದ ತೂಕ ಬೇರೆಯದೇ. ಆ ಸಾವಿರಾರು ಪುಟಗಳ ಹಿಂದೆ ವಿದ್ಯಾರ್ಥಿಗಳ ತಲೆಮಾರುಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಅವರೇ ಮುಂದೆ ನಿಂತು ಕಟ್ಟಿದ ಪ್ರಯೋಗಾಲಯಗಳಿವೆ. ಎಕ್ಸ್-ರೇ ಯಂತ್ರಕ್ಕಾಗಿ ಬೇರೆ ಊರಿನಲ್ಲಿ ಸರದಿ ಕಾಯುವ ಕಾಲೇಜು ಅಧ್ಯಾಪಕಿಯನ್ನು ಅದೇ ಮಾಪನದಲ್ಲಿ ಅಳೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಕಾಲದ ಮಾತೂ ಇದೆ. ಜಪಾನಿನ ಮಿಯಾಸಾಕ ಅವರ ತಂಡ 2009ರಲ್ಲಿ, ಬೆಳಕು ಹೀರುವ ಹರಳು ವಸ್ತುವಾದ ಪೆರೋವ್‌ಸ್ಕೈಟ್ ಬಳಸಿ ಸೌರಕೋಶ ಮಾಡಿದಾಗ ಸಿಕ್ಕ ದಕ್ಷತೆ ಶೇ 3.8. ಕೋಶದೊಳಗಿನ ದ್ರವದಲ್ಲಿ ಆ ವಸ್ತು ಬೇಗ ಹಾಳಾಗುತ್ತಿತ್ತು. ಹೆಚ್ಚು ಜನ ಅತ್ತ ತಿರುಗಲಿಲ್ಲ. 2012ರಲ್ಲಿ ದ್ರವವಿಲ್ಲದ ಕೋಶಗಳು ಶೇ 10ರ ಆಸುಪಾಸು ತಲುಪಿದ ಮೇಲೆ 2009ರ ಆ ಪ್ರಬಂಧಕ್ಕೆ ಉಲ್ಲೇಖಗಳ ಪ್ರವಾಹವೇ ಹರಿದು, ಈಗ ಅವುಗಳ ಸಂಖ್ಯೆ ಹತ್ತು ಸಾವಿರವನ್ನೂ ದಾಟಿದೆ. 2011ರಲ್ಲಿ ನಮ್ಮಂಥ ಸಮಿತಿಯೊಂದು ಆ ಪ್ರಬಂಧವನ್ನು ತೂಗಿದ್ದರೆ ಏನು ಹೇಳುತ್ತಿತ್ತೋ!

ಕಿರಿಯರು ಅರ್ಜಿ ತುಂಬುವ ಬಗ್ಗೆ ಕೇಳಿದಾಗ, ನಿಮ್ಮ ಮೂರು ಪ್ರಬಂಧಗಳ ಕೆಳಗೆ ಅದನ್ನು ಯಾರು, ಯಾವುದಕ್ಕೆ ಬಳಸಿದರೆಂದು ಒಂದೊಂದು ಸಾಲು ಬರೆಯಿರಿ ಎನ್ನುತ್ತೇನೆ. ನಾನೂ ಬರೆಯಲು ಕುಳಿತಿದ್ದೆ. ನನ್ನ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧವನ್ನು ಐವರಲ್ಲಿ ಒಬ್ಬರು ಉಲ್ಲೇಖಿಸಿದ್ದು, ಅದರಲ್ಲಿನ ನನ್ನ ಅಳತೆ ತಪ್ಪೆಂದು ತೋರಿಸಲು.